ಒತ್ತಡದ ಲೆಕ್ಕದಲ್ಲಿ ‘ಕಿಲೋ’ ಎಂದರೆ ಯಾವ ಕಿಲೋ?

ಈ ಬಾರಿ ಬಂದ ಪತ್ರಗಳಲ್ಲಿ ಆರು, ಬರೆದವರ ಊರು ಕಸುಬುಗಳು ಬೇರೆಬೇರೆಯಾದರೂ, ಒಂದೇ ತೊಡಕಿನ ಸುತ್ತ ಇದ್ದವು: ಒತ್ತಡವನ್ನು ಒಂದು ಮಾನದಿಂದ ಇನ್ನೊಂದು ಮಾನಕ್ಕೆ ಬದಲಾಯಿಸುವುದು ಹೇಗೆ? ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಆ ಆರಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ತೋಟದ ಡ್ರಿಪ್ ಫಿಲ್ಟರಿಗೆ ಹಾಕಿದ್ದ ಹಳೆಯ ಗೇಜು ಕೆಟ್ಟಿತೆಂದು ಹೊಸದನ್ನು ತಂದೆ. ಹಳೆಯದರಲ್ಲಿ ‘ಕೆ.ಜಿ. ಪ್ರತಿ ಚದರ ಸೆಂಟಿಮೀಟರ್’ ಎಂದಿತ್ತು. ಹೊಸದರಲ್ಲಿ ‘ಬಾರ್’ ಎಂದಿದೆ. ಡ್ರಿಪ್ ಜೊತೆ ಕೊಟ್ಟ ಪುಸ್ತಿಕೆಯಲ್ಲಿ 150 ಕಿಲೋಪ್ಯಾಸ್ಕಲ್ ಇರಲಿ ಎಂದಿದೆ. ಪಂಪು ಮಾರಿದವರು ಹದಿನೈದು ಮೀಟರ್ ಹೆಡ್ (ನೀರಿನ ಎತ್ತರ) ಸಾಕು ಎನ್ನುತ್ತಾರೆ. ಪಿಯುಸಿ ಓದುವ ಮಗಳು ಹಳೆಯ ಗೇಜಿನ ಒಂದೂವರೆ ಕಿಲೋವನ್ನು ಪ್ಯಾಸ್ಕಲ್‌ಗೆ ತಿರುಗಿಸಿ 1,471 ಎಂದು ಉತ್ತರ ತಂದಳು. ಇವುಗಳಲ್ಲಿ ಯಾವುದನ್ನು ನಂಬಲಿ?
— ಅಡಿಕೆ ಬೆಳೆಗಾರರು, ಚನ್ನಗಿರಿ

ಉತ್ತರ: ಗೇಜು, ಪುಸ್ತಿಕೆ, ಪಂಪಿನ ಅಂಗಡಿಯವರು, ಈ ಮೂವರೂ ನಿಮಗೆ ಹೇಳುತ್ತಿರುವುದು ಒಂದೇ ಮಾತು. ನಿಮ್ಮ ಮಗಳ ಲೆಕ್ಕದಲ್ಲಿ ಮಾತ್ರ ಒಂದು ಹೆಜ್ಜೆ ತಪ್ಪಿದೆ. ಅದು ಎಂಜಿನಿಯರಿಂಗ್ ಓದಿದವರೂ ಎಡವುವ ಜಾಗವಾದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಒತ್ತಡವೆಂದರೆ ಬಲವನ್ನು ಅದು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆ. ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ ಸಮನಾಗಿ ಹರಡಿದ್ದರೆ ಅದು ಒಂದು ಪ್ಯಾಸ್ಕಲ್. ಹಳೆಯ ಗೇಜಿನ ‘ಕಿಲೋ’ ತಕ್ಕಡಿಯಲ್ಲಿ ತೂಗುವ ದ್ರವ್ಯರಾಶಿಯಲ್ಲ. ಒಂದು ಕಿಲೋಗ್ರಾಂ ವಸ್ತುವನ್ನು ಭೂಮಿ ಎಳೆಯುವ ಬಲ. ಈ ಎಳೆತ ಊರಿನಿಂದ ಊರಿಗೆ ಚೂರು ಬದಲಾಗುವುದರಿಂದ 1901ರಲ್ಲಿ ಅಂತರರಾಷ್ಟ್ರೀಯ ತೂಕ ಅಳತೆಗಳ ಸಮ್ಮೇಳನವು ಅದಕ್ಕೆ 9.80665 ಎಂಬ ಬೆಲೆಯನ್ನು ಗೊತ್ತುಮಾಡಿತು. ಹಾಗಾಗಿ ಒಂದೂವರೆ ಕಿಲೋ ಎಂದರೆ ಸುಮಾರು 14.71 ನ್ಯೂಟನ್. ಮಗಳು ಇಲ್ಲಿಯವರೆಗೆ ಸರಿಯಾಗಿಯೇ ಬಂದಿದ್ದಾಳೆ. ಆಮೇಲೆ ಒಂದು ಮೀಟರಿಗೆ ನೂರು ಸೆಂಟಿಮೀಟರ್ ಎಂದುಕೊಂಡು ನೂರರಿಂದ ಗುಣಿಸಿಬಿಟ್ಟಿದ್ದಾಳೆ. ಒಂದು ಚದರ ಮೀಟರಿನಲ್ಲಿ ಇರುವುದು ನೂರು ಚದರ ಸೆಂಟಿಮೀಟರ್ ಅಲ್ಲ, ನೂರು ಸಾಲು ಮತ್ತು ಸಾಲಿಗೆ ನೂರು, ಅಂದರೆ ಹತ್ತು ಸಾವಿರ. ಮೂವತ್ತು ನಲವತ್ತರ ಸೈಟಿನ ಪಕ್ಕದಲ್ಲಿ ಅರವತ್ತು ಎಂಬತ್ತರ ಸೈಟು ಇದ್ದರೆ ಅದರ ಬೆಲೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಎಂಬುದು ನಮಗೆಲ್ಲ ಗೊತ್ತು. ಆದರೆ ಪುಸ್ತಕ ತೆರೆದು ಕೂತಾಗ ಆ ತಿಳಿವಳಿಕೆ ಎಲ್ಲಿಗೋ ಹೋಗಿಬಿಡುತ್ತದೆ. 14.71ನ್ನು ಹತ್ತು ಸಾವಿರದಿಂದ ಗುಣಿಸಿದರೆ 1,47,100 ಪ್ಯಾಸ್ಕಲ್, ಅಂದರೆ 147 ಕಿಲೋಪ್ಯಾಸ್ಕಲ್ ಬರುತ್ತದೆ. ಪುಸ್ತಿಕೆಯ 150 ಇಲ್ಲಿಂದ ದೂರವಿಲ್ಲ.

ಪ್ಯಾಸ್ಕಲ್ ಎಷ್ಟು ಸಣ್ಣದೆಂಬುದು ಮನಸ್ಸಿನಲ್ಲಿ ನಿಂತರೆ ಇಂಥ ತಪ್ಪು ತಾನೇ ಕಣ್ಣಿಗೆ ಬೀಳುತ್ತದೆ. ಜೆರಾಕ್ಸ್ ಅಂಗಡಿಯ 80 ಗ್ರಾಂ ಕಾಗದದ ಒಂದು ಹಾಳೆಯನ್ನು ಮೇಜಿನ ಮೇಲೆ ಇಟ್ಟರೆ ಅದು ಮೇಜನ್ನು ಒತ್ತುವುದು 0.8 ಪ್ಯಾಸ್ಕಲ್‌ನಷ್ಟು. 1,471 ಪ್ಯಾಸ್ಕಲ್ ಎಂದರೆ ಹದಿನೈದು ಸೆಂಟಿಮೀಟರ್ ಎತ್ತರದ ನೀರು, ಅಂದರೆ ಅರ್ಧ ಬಿಂದಿಗೆ. ಅಷ್ಟರಿಂದ ತೋಟದ ಕೊನೆಯ ಸಾಲಿನ ಡ್ರಿಪ್ಪರ್ ತೊಟ್ಟಿಕ್ಕಲಾರದು.

ಇಷ್ಟು ಸಣ್ಣ ಮಾನವನ್ನು ಹಾಗೆಯೇ ಬಳಸಲಾಗದೆಂದು ಅದರ ಮುಂದೆ ಬಗೆಬಗೆಯ ಉಪಸರ್ಗಗಳನ್ನು ಹಚ್ಚುತ್ತಾರೆ. ಇಲ್ಲಿ ನಮ್ಮ ಎಣಿಕೆಯ ಪದಗಳು ತುಂಬ ಅನುಕೂಲಕ್ಕೆ ಬರುತ್ತವೆ. ಹೆಕ್ಟೋಪ್ಯಾಸ್ಕಲ್ ಎಂದರೆ ನೂರು, ಕಿಲೋಪ್ಯಾಸ್ಕಲ್ ಎಂದರೆ ಸಾವಿರ, ಬಾರ್ ಎಂದರೆ ಲಕ್ಷ, ಮೆಗಾಪ್ಯಾಸ್ಕಲ್ ಎಂದರೆ ಹತ್ತು ಲಕ್ಷ. ಬಾರ್ ಎಂದರೆ ಸರಿಯಾಗಿ ಒಂದು ಲಕ್ಷ ಪ್ಯಾಸ್ಕಲ್, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆಯಿಲ್ಲ. ಲಕ್ಷವೆಂಬ ಪದವಿಲ್ಲದ ಭಾಷೆಯವರಿಗೆ ಈ ಸಲೀಸು ಸಿಗದು.

ಹಳೆಯ ಕಿಲೋ ಮಾತ್ರ ಈ ಸಾಲಿಗೆ ಸರಿಯಾಗಿ ಕೂರುವುದಿಲ್ಲ. ಅದು 98,066.5 ಪ್ಯಾಸ್ಕಲ್, ಅಂದರೆ ಬಾರಿಗಿಂತ ನೂರಕ್ಕೆ ಎರಡರಷ್ಟು ಕಡಿಮೆ. ಹತ್ತು ಮೀಟರ್ ಎತ್ತರದ ನೀರು ತನ್ನ ತಳವನ್ನು ಒತ್ತುವುದೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಪಂಪಿನವರ ಹೆಡ್ಡನ್ನು ಹತ್ತರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ನಿಮ್ಮ ಹೊಸ ಗೇಜಿನಲ್ಲಿ 1.5 ಬಾರ್ ಇದ್ದರೆ ಹಳೆಯ ಗೇಜು 1.53 ಕಿಲೋ ತೋರಿಸಬೇಕಿತ್ತು, ನೀರಿನ ಲೆಕ್ಕದಲ್ಲಿ ಅದು 15.3 ಮೀಟರ್. ಈ ವ್ಯತ್ಯಾಸ ನಿಮ್ಮನ್ನು ಕಾಡದಿರಲಿ. ಗೇಜಿನ ಡಯಲ್ ಮೇಲೆ ಸಣ್ಣಕ್ಷರದಲ್ಲಿ ‘ಕ್ಲಾಸ್ 2.5’ ಎಂದು ಬರೆದಿದ್ದರೆ ಪೂರ್ಣ ಅಳತೆಯ ನೂರಕ್ಕೆ ಎರಡೂವರೆಯವರೆಗೆ ಅದು ಆಚೀಚೆ ಇರಬಹುದೆಂದು ಅರ್ಥ. ಹತ್ತು ಬಾರಿನ ಗೇಜಿನಲ್ಲಿ ಅದು ಕಾಲು ಬಾರ್. ನೀವು ಚಿಂತೆ ಮಾಡುತ್ತಿರುವುದು 0.03ರ ಬಗ್ಗೆ. ತೋಟದ ಮಟ್ಟಿಗೆ ಕಿಲೋ ಮತ್ತು ಬಾರ್ ಒಂದೇ ಎಂದುಕೊಂಡರೆ ನಷ್ಟವಿಲ್ಲ. ಫಿಲ್ಟರಿನ ಹಿಂದೆ ಮುಂದೆ ಅರ್ಧ ಕಿಲೋ ವ್ಯತ್ಯಾಸ ಬಂದರೆ ತೊಳೆಯಬೇಕೆಂಬ ರೂಢಿಯನ್ನೂ ಅರ್ಧ ಬಾರ್ ಎಂದೇ ಓದಿಕೊಳ್ಳಿ. ಅದನ್ನು ನೋಡುವಾಗ ಎರಡು ಬೇರೆ ಗೇಜುಗಳನ್ನು ನಂಬುವುದಕ್ಕಿಂತ ಒಂದೇ ಗೇಜನ್ನು ಎರಡೂ ಕಡೆ ಸಿಕ್ಕಿಸಿ ನೋಡುವುದು ಮೇಲು.

ಆದರೆ ಈ ಸಡಿಲಿಕೆ ಎಲ್ಲ ಕಡೆಗೂ ಸಲ್ಲದು. 150 ಕಿಲೋ ಒತ್ತಡಕ್ಕೆ ತುಂಬಿದ ಆಕ್ಸಿಜನ್ ಸಿಲಿಂಡರಿನಲ್ಲಿ ಇರುವುದು 147 ಬಾರ್. ಅಲ್ಲಿ ಆ ಮೂರು ಬಾರೇ ನಿಮ್ಮ ಇಡೀ ಡ್ರಿಪ್ಪಿನ ಒತ್ತಡಕ್ಕೆ ಎರಡು ಪಟ್ಟು.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇನೆ. ಸ್ಲ್ಯಾಬಿನ ಕಾಂಕ್ರೀಟಿನಿಂದ ತೆಗೆದ ಕ್ಯೂಬನ್ನು 28 ದಿನಗಳ ನಂತರ ಲ್ಯಾಬಿನಲ್ಲಿ ಒಡೆದಾಗ 540 ಕಿಲೋನ್ಯೂಟನ್ ತೆಗೆದುಕೊಂಡಿತಂತೆ. ವರದಿಯಲ್ಲಿ ಕಾಂಕ್ರೀಟಿನ ಗಟ್ಟಿತನ 24 ಎಂದಿದೆ. ಕ್ಯೂಬು ಹದಿನೈದು ಸೆಂಟಿಮೀಟರಿನದು. 15ನ್ನು 15ರಿಂದ ಗುಣಿಸಿದರೆ 225, 540ನ್ನು ಅದರಿಂದ ಭಾಗಿಸಿದರೆ ನನಗೆ ಬರುವುದು 2.4. ಮೋಸವೇನಾದರೂ ಇದೆಯೇ? ಇದರ ಜೊತೆಗೆ, ಓವರ್‌ಸಿಯರ್ ಆಗಿ ನಿವೃತ್ತರಾದ ನಮ್ಮ ಮಾವನವರು ‘ನಮ್ಮ ಕಾಲದಲ್ಲಿ ಎಂ 200 ಹಾಕುತ್ತಿದ್ದೆವು, ಈಗಿನವರು ಎಂ 20 ಹಾಕಿ ಕೈತೊಳೆದುಕೊಳ್ಳುತ್ತಾರೆ’ ಎಂದು ನಿದ್ದೆ ಕೆಡಿಸಿದ್ದಾರೆ.
— ಶಿಕ್ಷಕರು, ಧಾರವಾಡ

ಉತ್ತರ: ಮೋಸವಿಲ್ಲ. ನಿಮ್ಮ 2.4 ಕೂಡ ಸರಿ, ವರದಿಯ 24 ಕೂಡ ಸರಿ. ನೀವು ಬರೆದದ್ದು ಒಂದು ಚದರ ಸೆಂಟಿಮೀಟರಿಗೆ ಎಷ್ಟು ಕಿಲೋನ್ಯೂಟನ್ ಎಂದು. ಲ್ಯಾಬಿನವರು ಬರೆದದ್ದು ಒಂದು ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಂದು. ಕಿಲೋನ್ಯೂಟನ್ನನ್ನು ನ್ಯೂಟನ್ ಮಾಡುವಾಗ ಸಂಖ್ಯೆ ಸಾವಿರ ಪಟ್ಟು ಹಿಗ್ಗುತ್ತದೆ, ಚದರ ಸೆಂಟಿಮೀಟರನ್ನು ಚದರ ಮಿಲಿಮೀಟರ್ ಮಾಡುವಾಗ ನೂರು ಪಟ್ಟು ಕುಗ್ಗುತ್ತದೆ, ಉಳಿಯುವುದು ಹತ್ತು. ಲ್ಯಾಬಿನ ದಾರಿಯಲ್ಲೇ ನಡೆದು ನೋಡುವುದಾದರೆ 5,40,000 ನ್ಯೂಟನ್ನನ್ನು 22,500 ಚದರ ಮಿಲಿಮೀಟರಿನಿಂದ ಭಾಗಿಸಿ. ನೇರವಾಗಿ 24 ಬರುತ್ತದೆ. ಚನ್ನಗಿರಿಯ ಹುಡುಗಿ ಎಡವಿದ್ದೂ ಭಾಗಾಕಾರದ ಗೆರೆಯ ಕೆಳಗೆ, ನಿಮಗೆ ಅನುಮಾನ ಹುಟ್ಟಿದ್ದೂ ಅಲ್ಲಿಯೇ. ಒತ್ತಡದ ಲೆಕ್ಕಗಳಲ್ಲಿ ಗೆರೆಯ ಮೇಲಿನ ಬಲವನ್ನು ಜನ ಜೋಪಾನವಾಗಿ ನೋಡುತ್ತಾರೆ, ಕೆಳಗಿನ ವಿಸ್ತೀರ್ಣವನ್ನು ಕೇಳುವವರಿಲ್ಲ.

ಒಂದು ಚದರ ಮೀಟರಿನಲ್ಲಿ ಹತ್ತು ಲಕ್ಷ ಚದರ ಮಿಲಿಮೀಟರ್ ಇರುವುದರಿಂದ ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಎಂಬುದೂ ಒಂದು ಮೆಗಾಪ್ಯಾಸ್ಕಲ್ ಎಂಬುದೂ ಒಂದೇ ಅಳತೆಯ ಎರಡು ಹೆಸರುಗಳು. ಸಿಮೆಂಟು ಚೀಲದ ಮೇಲಿನ 43 ಗ್ರೇಡ್, 53 ಗ್ರೇಡ್‌ಗಳೂ ಇದೇ ಮಾನದಲ್ಲಿವೆ.

ನಿಮ್ಮ ಮಾವನವರ ನೆನಪು ಸರಿಯಾಗಿದೆ, ಅದರಿಂದ ತೆಗೆದ ತೀರ್ಮಾನ ಸರಿಯಿಲ್ಲ. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 456ರ 1964ರ ಆವೃತ್ತಿಯಲ್ಲಿ ಗ್ರೇಡುಗಳನ್ನು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂದು ಹೆಸರಿಸುತ್ತಿದ್ದರು. 1978ರ ಆವೃತ್ತಿಯಲ್ಲಿ ಅದನ್ನು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು ಬದಲಾಯಿಸಿದರು. ಎಂ 200 ಎಂಬುದರ 200 ಕಿಲೋವನ್ನು ಮೆಗಾಪ್ಯಾಸ್ಕಲ್‌ಗೆ ತಿರುಗಿಸಿದರೆ 19.6 ಬರುತ್ತದೆ. ಅಂದರೆ ಅವರ ಕಾಲದ ಎಂ 200ಕ್ಕಿಂತ ಇಂದಿನ ಎಂ 20 ಕೂದಲೆಳೆಯಷ್ಟು ಗಟ್ಟಿಯೇ. ನಿಮ್ಮ ಕ್ಯೂಬಿನ 24ನ್ನು ಅವರ ಭಾಷೆಯಲ್ಲಿ ಹೇಳಬೇಕಾದರೆ 245 ಕಿಲೋ ಬಂದಿದೆ ಎನ್ನಿ, ಸಮಾಧಾನಪಡುತ್ತಾರೆ. ಒಂದೇ ಕ್ಯೂಬಿನ ಫಲಿತಾಂಶದಿಂದ ಇಡೀ ಸ್ಲ್ಯಾಬಿಗೆ ತೀರ್ಪು ಕೊಡುವಂತಿಲ್ಲ, ಮೂರು ಕ್ಯೂಬುಗಳ ಸರಾಸರಿಯನ್ನು ನೋಡಬೇಕು ಎಂಬುದನ್ನು ಮಾತ್ರ ಅವರೂ ಒಪ್ಪುತ್ತಾರೆ.

ನೀವು ಕಳುಹಿಸಿದ ವರದಿಯ ಪ್ರತಿಯಲ್ಲಿ ಇನ್ನೊಂದು ಲೋಪ ಕಂಡಿತು. ಬೆರಳಚ್ಚು ಮಾಡಿದವರು ಮೆಗಾಪ್ಯಾಸ್ಕಲ್‌ನ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡ ‘ಎಂ’ ಇರಬೇಕಾದಲ್ಲಿ ಸಣ್ಣ ‘ಎಂ’ ಒತ್ತಿದ್ದಾರೆ. ದೊಡ್ಡದು ಮೆಗಾ, ಹತ್ತು ಲಕ್ಷ. ಸಣ್ಣದು ಮಿಲಿ, ಸಾವಿರದಲ್ಲಿ ಒಂದು ಭಾಗ. ಎರಡರ ನಡುವಿನ ಅಂತರ ನೂರು ಕೋಟಿ ಪಟ್ಟು. ಅಕ್ಷರಶಃ ಓದಿದರೆ ನಿಮ್ಮ ಸ್ಲ್ಯಾಬು ಒಂದು ಕಾಗದದ ಹಾಳೆಯ ಭಾರವನ್ನೂ ತಡೆಯಲಾರದು.

ಪ್ರಶ್ನೆ: ನಮ್ಮ ಗ್ಯಾಸ್ ಒಲೆಯ ಮೇಲಿನ ಚೀಟಿಯಲ್ಲಿ ‘2.942 ಕಿಲೋನ್ಯೂಟನ್ ಪ್ರತಿ ಚದರ ಮೀಟರ್’ ಎಂದೂ ಅದರ ಪಕ್ಕದಲ್ಲಿ ಕಂಸದೊಳಗೆ ‘30 ಗ್ರಾಂ ಬಲ ಪ್ರತಿ ಚದರ ಸೆಂಟಿಮೀಟರ್’ ಎಂದೂ ಇದೆ. ಎರಡು ಒತ್ತಡಗಳೇಕೆ? ಮೂರು ಕೂಡ ಆಗದ, ಅಷ್ಟೊಂದು ದಶಾಂಶಗಳ ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು?
— ಗೃಹಿಣಿ, ಮೈಸೂರು

ಉತ್ತರ: ಒತ್ತಡ ಒಂದೇ, ಬರೆದಿರುವುದು ಎರಡು ಬಗೆಯಲ್ಲಿ. 30 ಗ್ರಾಂ ಎಂದರೆ 0.03 ಕಿಲೋ, ಅದನ್ನು 98.0665ರಿಂದ ಗುಣಿಸಿದರೆ ಸರಿಯಾಗಿ 2.942 ಕಿಲೋಪ್ಯಾಸ್ಕಲ್ ಬರುತ್ತದೆ. ಕಿಲೋನ್ಯೂಟನ್ ಪ್ರತಿ ಚದರ ಮೀಟರ್ ಎಂಬುದು ಕಿಲೋಪ್ಯಾಸ್ಕಲ್‌ನ ಇನ್ನೊಂದು ಹೆಸರಷ್ಟೇ. ಇಂಥ ಜೋಡಿ ಸಂಖ್ಯೆಗಳನ್ನು ಕಂಡಾಗ ಯಾವುದು ದುಂಡಾಗಿದೆ ಎಂದು ನೋಡಿ, ಅದೇ ಮೂಲ. ದಶಾಂಶಗಳ ಬಾಲ ಇರುವುದು ಆಮೇಲೆ ಪರಿವರ್ತಿಸಿ ಬರೆದದ್ದು. ಒಲೆಯ ಮಾನಕವನ್ನು ಗೊತ್ತುಮಾಡಿದವರು ಯೋಚಿಸಿದ್ದು 30 ಗ್ರಾಮಿನಲ್ಲಿ. ಹೊಸ ಪದ್ಧತಿಗೆ ತರುವಾಗ 3 ಎಂದು ದುಂಡಗೆ ಮಾಡಿದ್ದರೆ ಒತ್ತಡವನ್ನೇ ಬದಲಾಯಿಸಿದಂತಾಗುತ್ತಿತ್ತು, ಆದ್ದರಿಂದ ಬಾಲವನ್ನು ಉಳಿಸಿಕೊಂಡರು.

30 ಗ್ರಾಂ ಎಷ್ಟೆಂದು ಕಣ್ಣಿಗೆ ಕಾಣಬೇಕಾದರೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಎರಡು ಸ್ಕೇಲುಗಳನ್ನು ಒಂದರ ಮೇಲೊಂದು ನಿಲ್ಲಿಸಿ; ಆ ಮೂವತ್ತು ಸೆಂಟಿಮೀಟರ್ ಎತ್ತರಕ್ಕೆ ನಿಂತ ನೀರು ತಳದಲ್ಲಿ ಒತ್ತುವಷ್ಟೇ ಒತ್ತಡದಲ್ಲಿ ನಿಮ್ಮ ಒಲೆಗೆ ಅನಿಲ ಬರುತ್ತಿದೆ. ಸಿಲಿಂಡರಿನೊಳಗೆ ಹಲವು ಬಾರ್ ಇರುವುದನ್ನು ಇಷ್ಟಕ್ಕೆ ಇಳಿಸುವುದೇ ರೆಗ್ಯುಲೇಟರಿನ ಕೆಲಸ. ಹೋಟೆಲಿನ ದೊಡ್ಡ ಒಲೆಯ ರೆಗ್ಯುಲೇಟರನ್ನು ಮನೆಯ ಒಲೆಗೆ ಹಾಕಬಾರದೆನ್ನುವುದಕ್ಕೂ ಇದೇ ಕಾರಣ.

ಪ್ರಶ್ನೆ: ಬ್ರಿಟನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ಇಲ್ಲಿ ಬಿ.ಪಿ.ಯನ್ನು ನಮ್ಮಲ್ಲಿಯಂತೆ ಪಾದರಸದ ಮಿಲಿಮೀಟರಿನಲ್ಲೇ ಬರೆಯುತ್ತಾರೆ, ಆದರೆ ರಕ್ತದಲ್ಲಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ವರದಿ ಕಿಲೋಪ್ಯಾಸ್ಕಲ್‌ನಲ್ಲಿ ಬರುತ್ತದೆ. ಮನಸ್ಸಿನಲ್ಲೇ ತಾಳೆ ನೋಡುವ ದಾರಿ ಇದೆಯೇ?
— ಮಂಗಳೂರು ಮೂಲದ ನರ್ಸ್

ಉತ್ತರ: ಒಂದು ಕಿಲೋಪ್ಯಾಸ್ಕಲ್‌ಗೆ ಏಳೂವರೆ ಮಿಲಿಮೀಟರ್ ಪಾದರಸ. ಹತ್ತರಿಂದ ಗುಣಿಸಿ ಮುಕ್ಕಾಲು ಮಾಡಿ: ಆಕ್ಸಿಜನ್ 12 ಎಂದಿದ್ದರೆ 120, ಅದರ ಮುಕ್ಕಾಲು 90. ಕಾರ್ಬನ್ ಡೈಆಕ್ಸೈಡ್ 5.3 ಎಂದಿದ್ದರೆ 53ರ ಮುಕ್ಕಾಲು, ಅಂದರೆ 40. ಹಿಂದಕ್ಕೆ ಹೋಗುವಾಗ ಮೂರನೇ ಒಂದು ಭಾಗವನ್ನು ಸೇರಿಸಿ ಹತ್ತರಿಂದ ಭಾಗಿಸಿ; ಊರಿನ 120/80 ಬಿ.ಪಿ. ಆಗ 16/10.7 ಕಿಲೋಪ್ಯಾಸ್ಕಲ್ ಆಗುತ್ತದೆ. ಇದು ನಿಮ್ಮ ಅಂದಾಜಿಗೆ ಮಾತ್ರ. ರೋಗಿಯ ಕಡತದಲ್ಲಿ ವರದಿಯ ಅಂಕಿಯನ್ನೇ, ಅದರ ಮಾನದ ಸಮೇತ ಬರೆಯಿರಿ.

ಪ್ರಶ್ನೆ: ನನ್ನ ಫೋನಿನಲ್ಲಿ ವಾಯುಭಾರ ತೋರಿಸುವ ಆ್ಯಪ್ ಇದೆ. ಮನೆಯಲ್ಲಿ ಕೂತು ನೋಡಿದರೆ 885 ಹೆಕ್ಟೋಪ್ಯಾಸ್ಕಲ್. ಅದೇ ದಿನದ ಹವಾಮಾನ ನಕ್ಷೆಯಲ್ಲಿ ನಮ್ಮ ಭಾಗಕ್ಕೆ 1010 ಎಂದು ಗೆರೆ ಎಳೆದಿದ್ದಾರೆ. ಇದನ್ನು ಮಿಲಿಬಾರ್ ಮಾಡಿದರೆ ಸರಿಹೋಗುತ್ತದೆಯೇ?
— ಕಾಲೇಜು ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಮಿಲಿಬಾರ್ ಮಾಡಿದರೂ 885 ಹಾಗೆಯೇ ಇರುತ್ತದೆ. ಒಂದು ಲಕ್ಷದ ಸಾವಿರದಲ್ಲೊಂದು ಭಾಗವೂ ನೂರೇ, ಹೆಕ್ಟೋ ಎಂದರೂ ನೂರೇ. ಪಾದರಸದ ಲೆಕ್ಕದಲ್ಲಿ ಅದು 664 ಮಿಲಿಮೀಟರ್. ಯಾವ ಮಾನಕ್ಕೆ ತಿರುಗಿಸಿದರೂ ನಕ್ಷೆಯೊಂದಿಗೆ ಹೊಂದುವುದಿಲ್ಲ, ಏಕೆಂದರೆ ಇಲ್ಲಿ ಬೇರೆಯಾಗಿರುವುದು ಮಾನವಲ್ಲ, ಅಳೆದ ಎತ್ತರ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಷ್ಟು ದಪ್ಪದ ಗಾಳಿಯ ಪದರ ನಿಮ್ಮ ಕಾಲಕೆಳಗೆ ಉಳಿದುಹೋಗಿದೆ, ಅದರ ಭಾರ ನಿಮ್ಮ ಫೋನಿನ ಮೇಲೆ ಬೀಳುತ್ತಿಲ್ಲ. ನಿಮ್ಮ ಮನೆಯಲ್ಲಿ ನೀರು ಕುದಿಯುವುದೂ ನೂರಕ್ಕಲ್ಲ, ಸುಮಾರು 96 ಡಿಗ್ರಿಗೆ. ಹವಾಮಾನ ಇಲಾಖೆಯವರು ಎಲ್ಲ ಊರುಗಳ ಅಳತೆಯನ್ನೂ ಅವು ಸಮುದ್ರಮಟ್ಟದಲ್ಲಿದ್ದರೆ ಎಷ್ಟಿರುತ್ತಿತ್ತೋ ಅಷ್ಟಕ್ಕೆ ಏರಿಸಿ ನಕ್ಷೆಯಲ್ಲಿ ಬರೆಯುತ್ತಾರೆ. ಹಾಗೆ ಮಾಡದಿದ್ದರೆ ನಕ್ಷೆಯಲ್ಲಿ ಕಾಣುವುದು ಹವಾಮಾನವಲ್ಲ, ಪಶ್ಚಿಮ ಘಟ್ಟ.

ಇದನ್ನು ಮಾಡದೆ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 1999ರ ಅಕ್ಟೋಬರಿನಲ್ಲಿ ಒಡಿಶಾ ಕರಾವಳಿಯನ್ನು ಹಾಳುಗೆಡವಿದ ಸೂಪರ್ ಸೈಕ್ಲೋನಿನ ಕೇಂದ್ರದಲ್ಲಿ ಒತ್ತಡ 912 ಹೆಕ್ಟೋಪ್ಯಾಸ್ಕಲ್‌ಗೆ ಇಳಿದಿತ್ತೆಂದು ಅಂದಾಜು. ಬೆಂಗಳೂರಿನಲ್ಲಿ ಬಿಸಿಲು ಕಾಯುವ ಯಾವುದೇ ದಿನ, ಯಾವ ಗದ್ದಲವೂ ಇಲ್ಲದೆ, ಗಾಳಿಯ ಒತ್ತಡ 910ರ ಆಸುಪಾಸಿನಲ್ಲಿರುತ್ತದೆ. ಸಂಖ್ಯೆ ಒಂದೇ, ಒಂದು ಸಮುದ್ರದ ಮೇಲಿನದು, ಇನ್ನೊಂದು 920 ಮೀಟರ್ ಎತ್ತರದ್ದು.

ನೀವು ಫೋನಿನಲ್ಲಿ ನೋಡಿದ್ದನ್ನು ಜನ ಮೊದಲು ನೋಡಿದ್ದು ಪಾದರಸದ ಕೊಳವೆಯಲ್ಲಿ. ಇಂದು ಯಾರ ಹೆಸರಿನಲ್ಲಿ ಒತ್ತಡವನ್ನು ಅಳೆಯುತ್ತೇವೆಯೋ ಆ ಬ್ಲೇಸ್ ಪ್ಯಾಸ್ಕಲ್ ಫ್ರಾನ್ಸಿನ ತನ್ನ ಹುಟ್ಟೂರಿನಲ್ಲಿದ್ದ ಅಕ್ಕನ ಗಂಡ ಫ್ಲೋರಿನ್ ಪೆರಿಯೇ ಅವರಿಗೆ ಕಾಗದ ಬರೆದು, ಕೊಳವೆಯನ್ನು ಬೆಟ್ಟ ಹತ್ತಿಸಿ ನೋಡುವಂತೆ ಕೇಳಿಕೊಂಡರು. 1648ರ ಸೆಪ್ಟೆಂಬರ್ 19ರಂದು ಪೆರಿಯೇ ಒಂದು ಕೊಳವೆಯನ್ನು ಕೆಳಗೆ ಕಾವಲಿಗಿಟ್ಟು, ಇನ್ನೊಂದನ್ನು ಪ್ಯೂಯಿ ದ ದೋಮ್ ಬೆಟ್ಟದ ತುದಿಗೆ ಒಯ್ದರು. ಮೇಲೆ ಪಾದರಸ ಇಳಿದಿತ್ತು, ಕೆಳಗಿನದು ಇಡೀ ದಿನ ಕದಲಿರಲಿಲ್ಲ. ‘ವಾಯುಭಾರ’ ಎಂಬ ನಮ್ಮ ಪದ ಪ್ಯಾಸ್ಕಲ್ ಅವರ ಕಿವಿಗೆ ಬಿದ್ದಿದ್ದರೆ ಮೆಚ್ಚುತ್ತಿದ್ದರು; ಅವರು ತೋರಿಸಬೇಕೆಂದಿದ್ದೂ ಗಾಳಿಗೆ ಭಾರವಿದೆ ಎಂಬುದನ್ನೇ. ಪ್ಯಾಸ್ಕಲ್ ಎಂಬ ಹೆಸರು ಮಾನಕ್ಕೆ ಅಧಿಕೃತವಾಗಿ ಬಂದದ್ದು ಮಾತ್ರ ಬಹಳ ತಡವಾಗಿ, 1971ರಲ್ಲಿ.

ಪ್ರಶ್ನೆ: ಹಾಲು ಕರೆಯುವ ಯಂತ್ರ ತಂದಿದ್ದೇವೆ. ನಮ್ಮ ಗೇಜಿನಲ್ಲಿ 50 ಕಿಲೋಪ್ಯಾಸ್ಕಲ್ ತೋರಿಸುತ್ತದೆ. ಪಕ್ಕದ ಮನೆಯವರ ಯಂತ್ರದಲ್ಲಿ ‘ಮೈನಸ್ 0.5 ಬಾರ್’ ಎಂದಿದೆ; ಯಂತ್ರದ ಜೊತೆ ಬಂದ ಹಾಳೆಯಲ್ಲಿ 375 ಮಿಲಿಮೀಟರ್ ಪಾದರಸ ಎಂದಿದೆ. ಮೈನಸ್ ಎಂದರೆ ಕಡಿಮೆಯೇ? ಹಸುವಿಗೆ ತೊಂದರೆಯಿಲ್ಲ ತಾನೆ?
— ಹೈನುಗಾರರು, ಮಂಡ್ಯ

ಉತ್ತರ: ಮೂರೂ ಒಂದೇ, ತೊಂದರೆಯಿಲ್ಲ. ಇವು ಒತ್ತುವ ಲೆಕ್ಕವಲ್ಲ, ಹೀರುವ ಲೆಕ್ಕ. ಹೊರಗಿನ ಗಾಳಿಯನ್ನು ಸೊನ್ನೆ ಎಂದಿಟ್ಟುಕೊಂಡು ಅದಕ್ಕಿಂತ ಎಷ್ಟು ಕೆಳಗೆ ಇಳಿದಿದೆ ಎಂದು ಗೇಜು ಹೇಳುತ್ತದೆ; ಪಕ್ಕದ ಮನೆಯವರ ಗೇಜು ಆ ‘ಕೆಳಗೆ’ಯನ್ನು ಮೈನಸ್ ಗುರುತಿನಿಂದ ತೋರಿಸುತ್ತದೆ, ನಿಮ್ಮದು ‘ವ್ಯಾಕ್ಯೂಮ್’ ಎಂಬ ಪದದಿಂದ. ಡ್ರಿಪ್ಪಿನ ಗೇಜು, ಟೈರಿಗೆ ಗಾಳಿ ಹಿಡಿಯುವ ಗೇಜು ಕೂಡ ಸೊನ್ನೆ ಎಣಿಸುವುದು ಹೊರಗಿನ ಗಾಳಿಯಿಂದಲೇ. ಮೇಲೆ ಮಡಿಕೇರಿಯ ಫೋನು ಮಾತ್ರ ಗಾಳಿಯೇ ಇಲ್ಲದ ನಿಜವಾದ ಸೊನ್ನೆಯಿಂದ ಎಣಿಸಿತ್ತು. ಆ ಎಣಿಕೆಯಲ್ಲಿ ಹೇಳುವುದಾದರೆ ಮಂಡ್ಯದ ಗಾಳಿಯ ಒತ್ತಡ ಸುಮಾರು 93 ಕಿಲೋಪ್ಯಾಸ್ಕಲ್, ಅದರಲ್ಲಿ 50 ಕಳೆದರೆ ಕೊಳವೆಯೊಳಗೆ ಉಳಿದಿರುವುದು 43. ಹೀಗಾಗಿ ನಿಮ್ಮೂರಿನಲ್ಲಿ ಎಂಥ ಪಂಪಿಟ್ಟು ಹೀರಿದರೂ ಸೂಜಿ 93ರ ಆಚೆಗೆ ಹೋಗಲು ಸಾಧ್ಯವಿಲ್ಲ. ಎಂದಾದರೂ ಅದು 100 ತೋರಿಸಿದರೆ ಪಂಪನ್ನು ಬಿಚ್ಚಬೇಡಿ, ಗೇಜು ಬದಲಾಯಿಸಿ.